ನಲವತ್ತೊಂದನೆಯ ಫೋನು

ಕೂದಲು ತನ್ನದಲ್ಲ ಎಂಬುದು ವೆನ್ ಶುಲಾನಳ ನಾಲಿಗೆಗೆ ಮೊದಲು ಗೊತ್ತಾಯಿತು. ಮೆಣಸಿನ ಖಾರದ ಬಿಸಿ ಸಾರಿನ ಮೂರನೆಯ ಚಮಚದಲ್ಲಿ ಅದು ಬಂದಿತ್ತು. ಉದ್ದ, ಅತಿ ನುಣುಪು, ಔಷಧದ ತೊಟ್ಟಿಯಲ್ಲಿ ಮಿಂದು ಬಂದದ್ದರ ಒಗರು. ಈ ಊರಿನಲ್ಲಿ ಕೂದಲು ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ಮನೆಮನೆಯಲ್ಲೂ ವಿಗ್ಗು ಕಟ್ಟುವ ಊರು. ಯಾವ ಯಾವ ದೇಶದ ಹೆಂಗಸರದೋ ಕೂದಲು ಮೂಟೆಗಳಲ್ಲಿ ಬಂದು, ಬೆಂದು, ಬಣ್ಣ ಕುಡಿದು, ಇನ್ನಾವುದೋ ದೇಶದ ಹೆಂಗಸರ ತಲೆಗೆ ಹೋಗುವ ದಾರಿಯಲ್ಲಿ ಒಂದಿಷ್ಟು ಇಲ್ಲಿಯವರ ಬಾಯಿಗೂ ಬೀಳುತ್ತದೆ, ಬಸ್ಸಿನ ಸೀಟಿಗೆ, ಒಗೆದ ದಿಂಬಿಗೆ, ಬೇಯಿಸಿದ ಬನ್ನಿನ ಒಳಗಣ ಬಿಳುಪಿಗೆ. ಹತ್ತೊಂಬತ್ತು ವರ್ಷದಿಂದ ಇಲ್ಲಿದ್ದೂ ಅವಳಿಗೆ ಅದು ಒಗ್ಗಿರಲಿಲ್ಲ. ಉಗುಳೋಣವೆಂದರೆ ಎದುರಿಗೆ ವಿಭಾಗದ ನಿರ್ದೇಶಕ ಹೌ ಕೂತಿದ್ದರು. ಹೆಸರಿಗೆ ತಕ್ಕಂತೆ ಮೇಲಿನವರಿಗೆಲ್ಲ ಹೌದೌದು ಎನ್ನುವ, ಕೆಳಗಿನವರಿಂದ ಹೌದೌದು ಅನ್ನಿಸಿಕೊಳ್ಳುವ ಮನುಷ್ಯ. ಅವಳಿಗಿಂತ ಆರು ವರ್ಷ ಚಿಕ್ಕವರು. ಆದರೂ ಕರೆಯುವುದು ಹೀಗೆ:

“ಚಿಕ್ಕ ವೆನ್, ಯಾಕಮ್ಮ, ತಿಂಡಿ ಸೇರ್ತಿಲ್ವಾ?”

“ಸೇರ್ತಿದೆ ಸರ್,” ಎಂದು ಅವಳು ಕೂದಲನ್ನು ನುಂಗಿದಳು. ಅದು ಗಂಟಲಲ್ಲಿ ಅರ್ಧ ಇಳಿದು ಅರ್ಧ ನಿಂತಿತು.

“ತೊಂಬತ್ತೇಳು ಪಾಯಿಂಟ್ ಆರು,” ಎಂದು ಹೌ ಕರಿದ ಹಿಟ್ಟಿನ ಕೋಲನ್ನು ಸೋಯಾ ಹಾಲಿಗೆ ಅದ್ದಿದರು. “ನೂರಕ್ಕೆ ನೂರು ಇದ್ರೆ ಇವತ್ತು ತಪಾಸಣೆಗೆ ಬರೋರು ಚಪ್ಪಾಳೆ ತಟ್ಟಿ ಹೋಗ್ತಾರೆ. ತೊಂಬತ್ತೇಳು ಪಾಯಿಂಟ್ ಆರು ಅಂದ್ರೆ ಕನ್ನಡಕ ಹಾಕ್ಕೊಂಡು ಕೇಳ್ತಾರೆ, ಉಳಿದ ಎರಡು ಪಾಯಿಂಟ್ ನಾಲ್ಕು ಎಲ್ಲಿದ್ದಾಳೆ, ಏನ್ಮಾಡ್ತಿದ್ದಾಳೆ ಅಂತ. ನಲವತ್ತೊಂದು ಜನದಲ್ಲಿ ಒಬ್ಬಳು! ಏನವಳ ಹೆಸರು?”

“ಪಾನ್ ಹೈಯಾನ್.”

“ಮಧ್ಯಾಹ್ನ ಎರಡರ ಒಳಗೆ ಅವಳ ಕೈಲಿ ಹಾಜರಿ ಒತ್ತಿಸಿ. ಆಗಲ್ವಾ, ಇಂಗ್ಲಿಷಲ್ಲಿ ಫೇಲ್ ಅಂತ ಬರೆದು ಪಟ್ಟಿಯಿಂದ ತೆಗೀರಿ. ನಲವತ್ತಕ್ಕೆ ನಲವತ್ತು ಅಂದ್ರೂ ನೂರೇ ಅಲ್ವಾ? ನಿಮಗೋಸ್ಕರಾನೇ ಹೇಳ್ತಿರೋದು ಚಿಕ್ಕ ವೆನ್. ಮೂರನೇ ಅರ್ಜಿ ಇದು.”

ಮೂರನೆಯ ಅರ್ಜಿ, ಕೊನೆಯದು. ಇದೂ ತಪ್ಪಿದರೆ ನಿವೃತ್ತಿಯವರೆಗೆ ಬರೀ ಉಪನ್ಯಾಸಕಿ. ಸಹ ಪ್ರಾಧ್ಯಾಪಕಿ ಎಂಬ ಮಾತು ಸ್ಮರಣ ಸಂಚಿಕೆಯಲ್ಲಿ ಬೇರೆಯವರ ಹೆಸರಿನ ಮುಂದೆ ಓದಿಕೊಳ್ಳಬೇಕಾದದ್ದು. ಅರ್ಜಿಯ ಜೊತೆಗಿದ್ದ ಅವಳ ಪ್ರಬಂಧದ ಶೀರ್ಷಿಕೆ ‘ವೃತ್ತಿಪರ ಕಾಲೇಜಿನ ವಿದ್ಯಾರ್ಥಿಗಳಲ್ಲಿ ಇಂಗ್ಲಿಷಿನ ಸ್ವಕಲಿಕೆಯನ್ನು ಪ್ರೋತ್ಸಾಹಿಸುವ ಬಗೆ’. ಸ್ವಕಲಿಕೆಗೆ ಒತ್ತು ಕೊಡಿ ಎಂದು ಪ್ರಾಂತ್ಯದಿಂದ ಸುತ್ತೋಲೆ ಬಂದಿತ್ತು. ವಿದ್ಯಾರ್ಥಿಗಳು ಒತ್ತಿದ್ದು ಗುಂಡಿಯನ್ನು. ದಿನಕ್ಕೆ ಇಪ್ಪತ್ತು ನಿಮಿಷ ಫೋನಿನಲ್ಲಿ ಇಂಗ್ಲಿಷ್ ಪಾಠ ಓಡಬೇಕು, ಮುಗಿದಾಗ ಗುಂಡಿ ಒತ್ತಬೇಕು, ಒಂದು ಹಸಿರು ಎಲೆ ಚಿಗುರುತ್ತದೆ. ನೂರು ದಿನದಲ್ಲಿ ನೂರು ಎಲೆಯ ಮರ. ಎಂಬತ್ತೇಳು ದಿನ ಕಳೆದಿತ್ತು. ನಲವತ್ತು ಜನರದು ಎಂಬತ್ತೇಳು ಎಲೆ, ಒಂದೂ ಉದುರದೆ. ಪಾನ್ ಹೈಯಾನಳದು ಬೋಳು ಕೊಂಬೆ. ನಲವತ್ತು ಮರಗಳಲ್ಲಿ ಒಂದೆಲೆಯೂ ಉದುರದಿರುವುದು ಹೇಗೆ ಎಂಬ ಪ್ರಶ್ನೆಯನ್ನು ವೆನ್ ಶುಲಾನ್ ಎಂಬತ್ತೇಳು ದಿನದಿಂದ ಕೇಳಿಕೊಳ್ಳದೆ ಬಂದಿದ್ದಳು. ಕೇಳಿಕೊಳ್ಳದಿರುವುದಕ್ಕೂ ದಿನಾ ಇಪ್ಪತ್ತು ನಿಮಿಷದಷ್ಟು ಶ್ರಮ ಬೇಕಾಗಿತ್ತು.

ಕ್ಯಾಂಟೀನಿನಿಂದ ಹೊರಗೆ ಬರುವಾಗ ಗಾಳಿ ಬೀಸಿತು, ಅವಳ ಕೈ ತಾನಾಗಿಯೇ ನೆತ್ತಿಗೆ ಹೋಯಿತು. ನೆತ್ತಿಯಲ್ಲಿ ಅಂಗೈ ಅಗಲದ ತುಂಡು ವಿಗ್ಗು, ನಾಲ್ಕು ಕ್ಲಿಪ್ಪು. ನಾಲ್ಕು ವರ್ಷದ ಹಿಂದೆ, ಈ ಊರಿನಲ್ಲಿ ಕೊಂಡರೆ ಸಂಜೆಯೊಳಗೆ ಕಾಲೇಜಿಗೆಲ್ಲ ತಿಳಿಯುತ್ತದೆಂದು ರೈಲು ಹತ್ತಿ ಜೆಂಗ್‌ಝೌಗೆ ಹೋಗಿ, ಅಂಗಡಿಯವಳಿಗೆ ಅಕ್ಕನಿಗೆ ಎಂದು ಸುಳ್ಳು ಹೇಳಿ ತಂದದ್ದು. ಮೀನಿನ ಊರಿನವಳು ಕದ್ದು ಪರವೂರಿಗೆ ಹೋಗಿ ಮೀನು ತಂದಂತೆ. ಕೆಂಪು ಬ್ಯಾನರು ಕಟ್ಟುತ್ತಿದ್ದ ಇಬ್ಬರು ಏಣಿಯ ಮೇಲಿಂದ ಗುಡ್ ಮಾರ್ನಿಂಗ್ ಟೀಚರ್ ಎಂದು ಕೂಗಿದರು, ಮತ್ತು ಅವಳು ದಾಟಿದ ಮೇಲೆ ಒಬ್ಬ ಅವಳದೇ ದನಿಯಲ್ಲಿ, ಗಂಟಲು ಎರಡು ಸಲ ಕೆರೆದು, “ಮಕ್ಕಳೇ, ತಪ್ಪಾದರೂ ಚಿಂತೆಯಿಲ್ಲ, ಬಾಯಿ ತೆರೆಯಿರಿ,” ಎಂದ. ಇನ್ನೊಬ್ಬ ಬಾಯಿ ತೆರೆದ, ದಂತವೈದ್ಯನ ಮುಂದೆ ತೆರೆದಂತೆ. ನಕ್ಕರು. ಅವಳು ತಿರುಗಲಿಲ್ಲ. ಅಣಕ ಸರಿಯಾಗಿತ್ತು. ಆ ಮಾತನ್ನು ಅವಳು ಮನಸಾರೆ ಹೇಳಿದ್ದ ಕಾಲವೊಂದಿತ್ತು, ಎರಡು ವರ್ಷದ ಹಿಂದೆ, ಇದೇ ತರಗತಿಯ ಮೊದಲ ವಾರದಲ್ಲಿ. ಆಗ ಮರವೂ ಇರಲಿಲ್ಲ, ಎಲೆಯೂ ಇರಲಿಲ್ಲ. ಪುಸ್ತಕ ಮುಚ್ಚಿಸಿ ಹೇಳಿದ್ದಳು, ಇವತ್ತು ನಿಮ್ಮ ಕೈಗೆ ಸಿಕ್ಕ ಒಂದೇ ಒಂದು ಇಂಗ್ಲಿಷ್ ಸಾಲು ತನ್ನಿ, ಶಾಂಪೂ ಸೀಸೆಯ ಮೇಲಿನದಾಗಲಿ, ಯಾರೋ ಬೈದದ್ದಾಗಲಿ, ನಿಮ್ಮ ಬದುಕಿನದಾಗಿರಬೇಕು, ಅಷ್ಟೆ. ಮರುದಿನ ತಂದವಳು ಒಬ್ಬಳೇ, ಪಾನ್ ಹೈಯಾನ್. ಸ್ವೆಟರಿನ ತುಂಬ ಕೂದಲು ಅಂಟಿಸಿಕೊಂಡು, ಪೊಟ್ಟಣದಿಂದ ಮಸಾಲೆ ಕೋಳಿಕಾಲು ಚೀಪುತ್ತ, ಬೆರಳ ಎಣ್ಣೆ ಹತ್ತಿದ ಚೀಟಿಯನ್ನು ಮೇಜಿನ ಮೇಲಿಟ್ಟಳು. ಅವಳ ಸೋದರತ್ತೆ ವಿಗ್ಗು ಕಟ್ಟಿ ಪರದೇಶಕ್ಕೆ ಮಾರುವವಳು. ವಿಗ್ಗು ಉದುರಿತೆಂದು ಅಮೆರಿಕದ ಹೆಂಗಸೊಬ್ಬಳು ಬರೆದ ದೂರು ಅದು. ಆ ಹೆಂಗಸು ವಿಗ್ಗನ್ನು ನಾಯಿಯ ಯಾವ ಭಾಗದ ಕೂದಲಿಗೆ ಹೋಲಿಸಿದ್ದಳೆಂದು ಓದಿ ವೆನ್ ಶುಲಾನ್ ಕೆಂಪಾಗಿ, ಇದು ಇಂಗ್ಲಿಷಲ್ಲ, ಹೊಲಸು ಎಂದು ಚೀಟಿಯನ್ನು ಬುಟ್ಟಿಗೆ ಹಾಕಿದ್ದಳು. ಆ ಅಭ್ಯಾಸವನ್ನು ಮುಂದಿನ ವಾರದಿಂದ ಕೈಬಿಟ್ಟಳು. ಕೈ ತೊಳೆದುಕೊಂಡದ್ದೂ ನೆನಪಿದೆ, ಎರಡು ಸಲ.

ಹನ್ನೆರಡು ಗಂಟೆಗೆ ಹಾಸ್ಟೆಲಿನ ಚೊಕ್ಕಟ ನೋಡಿಕೊಂಡು ಬರಲು ಹೌ ಅವಳನ್ನೇ ಕಳಿಸಿದರು. ಮೂರನೆಯ ಮಹಡಿಯ ಓಣಿಯಲ್ಲಿ ಕಾಲುಚೀಲದ, ಬೇಯುತ್ತಿದ್ದ ಶಾವಿಗೆಯ, ಒದ್ದೆ ಗೋಡೆಯ ವಾಸನೆ ಒಂದರ ಮೇಲೊಂದು ಮಲಗಿದ್ದವು. ತುದಿಯ ಕೋಣೆಯಿಂದ ಸದ್ದು ಬರುತ್ತಿತ್ತು. ಮೊದಲು ಜೇನುಹುಳು ಅಂದುಕೊಂಡಳು, ಆಮೇಲೆ ಭಜನೆ ಅಂದುಕೊಂಡಳು. ಬಾಗಿಲು ತಳ್ಳಿದರೆ ಕೆಳಗಿನ ಮಂಚದ ಮೇಲೆ, ಹೂವಿನ ಹಾಸಿನ ಮೇಲೆ, ನಾಲ್ಕು ಸಾಲು ಹತ್ತತ್ತು ಫೋನು, ಮುಖ ಮೇಲೆ ಮಾಡಿ ಮಲಗಿದ್ದವು. ಎಲ್ಲದರಲ್ಲೂ ಒಂದೇ ಹೆಂಗಸಿನ ದನಿ ಹಿಂದುಮುಂದಾಗಿ, ‘ಮೇ ಐ ಹೆಲ್ಪ್ ಯೂ?’ ಎಂದು ಕೇಳುತ್ತಿತ್ತು, ಒಂದು ಕೇಳಿ ಮುಗಿಸುವಷ್ಟರಲ್ಲಿ ಇನ್ನೊಂದು, ಇನ್ನೊಂದರ ಬಾಲ ಹಿಡಿದು ಮತ್ತೊಂದು. ಹೆಲ್ಪ್ ಬೇಡುವವರು ಯಾರೂ ಇರಲಿಲ್ಲ. ನಡುನಡುವೆ ಉತ್ತರಕ್ಕೆಂದು ಬಿಟ್ಟ ಮೌನವನ್ನು ಪಕ್ಕದ ಫೋನು ತುಂಬುತ್ತಿತ್ತು. ಕೋಣೆಯಲ್ಲಿದ್ದದ್ದು ಒಬ್ಬನೇ, ತರಗತಿಯ ಮುಂದಾಳು ದಿಂಗ್ ರುಯಿ, ಬೆನ್ನು ತಿರುಗಿಸಿ ಕಾಲಿನ ಉಗುರು ಕತ್ತರಿಸುತ್ತ. ಅವಳನ್ನು ಕಂಡು ಎದ್ದು ನಿಂತ. ಗಾಬರಿಯಾಗಲಿಲ್ಲ, ಅದೇ ಅವಳಿಗೆ ಹೇಸಿಗೆಯೆನಿಸಿತು.

“ಕೂತ್ಕೊಳ್ಳಿ ಮೇಡಂ. ದಿನಾ ಸಾಯಂಕಾಲ ಮಾಡ್ತೀವಿ, ಇವತ್ತು ಅತಿಥಿಗಳು ಪರದೆ ಮೇಲೆ ಎಲೆ ನೋಡ್ತಾರಲ್ಲ ಅಂತ ಬೇಗ ಹಾಕ್ದೆ. ಎಲ್ಲಾ ಒಟ್ಟಿಗೆ ಕಲೀತಿವೆ ನೋಡಿ, ಒಂದೂ ಗಲಾಟೆ ಮಾಡಲ್ಲ.”

“ಇದು... ಯಾವಾಗಿಂದ?”

“ಎರಡನೇ ದಿನದಿಂದ ಮೇಡಂ. ನೀವೇ ಹೇಳಿದ್ರಲ್ಲ, ಹೇಗಾದ್ರೂ ಮಾಡು ದಿಂಗ್ ರುಯಿ, ನೂರು ಬರಬೇಕು ಅಂತ.” ಅವನ ದನಿಯಲ್ಲಿ ಆರೋಪವಿರಲಿಲ್ಲ, ಒಪ್ಪಿಸಿದ ಕೆಲಸ ಮಾಡಿದವನ ಹೆಮ್ಮೆಯಿತ್ತು. “ಪಾನ್ ಹೈಯಾನ್ ಒಬ್ಬಳು ಕೊಡಲ್ಲ. ಸೋದರತ್ತೆಯ ವಿಗ್ಗಿನ ಗಿರಾಕಿಗಳು ಫೋನ್ ಮಾಡ್ತಾರಂತೆ. ಇಪ್ಪತ್ತು ನಿಮಿಷ ಅಂದ್ರೂ ಇಲ್ಲ, ಹತ್ತು ಅಂದ್ರೂ ಇಲ್ಲ. ಸ್ವಾರ್ಥಿ ಮೇಡಂ ಅವಳು, ತರಗತಿ ಮಾನ ಮರ್ಯಾದೆ ಏನೂ ಇಲ್ಲ.”

ಹಾಸಿನ ಮೇಲೆ ಒಂದು ಉಗುರಿನ ಚೂರು ಹಾರಿ ಬಿದ್ದಿತ್ತು, ಎರಡು ಫೋನುಗಳ ನಡುವೆ, ಹಳದಿ ಚಂದ್ರನಂತೆ. ಸ್ವಕಲಿಕೆ. ನಕಲಿಕೆ. ಪ್ರಬಂಧದ ನಾಲ್ಕನೆಯ ಭಾಗದ ಕೋಷ್ಟಕ ಈ ಮಂಚದ ಮೇಲೆ ಹುಟ್ಟಿತ್ತು; ‘ವಿದ್ಯಾರ್ಥಿಗಳಲ್ಲಿ ಒಳಗಿನಿಂದಲೇ ಮೂಡಿದ ಪ್ರೇರಣೆ’ ಎಂದು ಅವಳು ಬರೆದದ್ದು ಈ ಹಾಸಿನ ಹೂವುಗಳ ಕುರಿತು. ಎಲ್ಲವನ್ನೂ ಕಿಟಕಿಯಿಂದ ಎಸೆಯಬೇಕು ಅನ್ನಿಸಿತು. ಎಸೆಯುವವಳ ಮುಖದಲ್ಲಿ ಏನಿರಬೇಕೋ ಅದನ್ನು ಮುಖಕ್ಕೆ ತಂದೂ ಕೊಂಡಳು. ಆಮೇಲೆ ಅವಳ ಬಾಯಿ, “ಉಗುರು ಗುಡಿಸಿ ಹಾಕು. ನೋಡೋಕೆ ಬರ್ತಾರೆ,” ಎಂದಿತು. ಹೊರಗೆ ಬಂದಾಗ ಬೆನ್ನ ಹಿಂದೆ ನಲವತ್ತು ದನಿಗಳು ಸಹಾಯ ಮಾಡಲೇ, ಮಾಡಲೇ ಎಂದು ಕೇಳುತ್ತಲೇ ಇದ್ದವು.

ಪಾನ್ ಹೈಯಾನಳನ್ನು ಹುಡುಕಿಕೊಂಡು ಹಿಂದಿನ ಮೆಟ್ಟಿಲು ಇಳಿಯುತ್ತಿದ್ದಾಗ ಕೆಳಗಿನ ತಿರುವಿನಲ್ಲಿ ಪರದೇಶದ ಹೆಂಗಸೊಬ್ಬಳು ಮಾತಾಡುವುದು ಕೇಳಿಸಿತು. ತುಂಬು ಗಂಟಲು, ಎಳೆದೆಳೆದು, ಮೂಗಿನಿಂದ ಅರ್ಧ ನಗುತ್ತ. ವೆನ್ ಶುಲಾನ್ ಅಲ್ಲೇ ನಿಂತಳು. ಅಂಗಿ ಸರಿಮಾಡಿಕೊಂಡಳು, ನೆತ್ತಿ ಮುಟ್ಟಿಕೊಂಡಳು, ವಿದೇಶಿ ಅತಿಥಿಯನ್ನು ಸ್ವಾಗತಿಸುವ ವಾಕ್ಯವೊಂದನ್ನು ಮನಸ್ಸಿನಲ್ಲೇ ಕರ್ತೃ ಕರ್ಮ ಕ್ರಿಯಾಪದ ಹೊಂದಿಸಿ ಸಿದ್ಧಮಾಡಿಕೊಂಡು ಇಳಿದಳು. ಮೆಟ್ಟಿಲ ಮೇಲೆ ಕೂತಿದ್ದವಳು ಪಾನ್ ಹೈಯಾನ್, ಕಿವಿಯಲ್ಲಿ ತಂತಿ, ಮೊಣಕಾಲ ಮೇಲೆ ಕಂದು ಬಣ್ಣದ ಗುಂಗುರು ವಿಗ್ಗು, ಸತ್ತ ಬೆಕ್ಕಿನ ಹಾಗೆ. ಸಿದ್ಧಪಡಿಸಿದ ವಾಕ್ಯ ಗಂಟಲಲ್ಲೇ ಉಳಿಯಿತು, ಬೆಳಗಿನ ಕೂದಲಿನ ಪಕ್ಕ.

“ಒಂದ್ನಿಮಿಷ ಮೇಡಂ,” ಎಂದು ಹುಡುಗಿ ತಂತಿಯ ಮೈಕನ್ನು ಮುಚ್ಚಿ ಹಿಡಿದಳು. “ಅಟ್ಲಾಂಟಾದವಳು. ನಾಡಿದ್ದು ಮದುವೆ, ಪಾರ್ಸಲ್ಲು ಎಲ್ಲೋ ಕೂತಿದೆ. ಅಳ್ತಾ ಇದಾಳೆ.”

“ಅವಳ ಥರಾನೇ ಮಾತಾಡ್ತಿದ್ಯಲ್ಲ.”

“ಅವಳ ಥರ ಮಾತಾಡಿದ್ರೆ ಕಮ್ಮಿ ಬೈತಾರೆ ಮೇಡಂ.”

“ಹೈಯಾನ್, ಇಪ್ಪತ್ತು ನಿಮಿಷ. ಫೋನು ದಿಂಗ್ ರುಯಿಗೆ ಕೊಡು. ಹಿಂದಿನ ಎಂಬತ್ತೇಳು ದಿನದ್ದು ನಾನು ಹೇಗೋ ನೋಡ್ಕೊಳ್ತೀನಿ. ಇಲ್ಲಾಂದ್ರೆ ಫೇಲಾಗ್ತೀಯ. ಫೇಲಾದ್ರೆ ಪದವಿ ಪ್ರವೇಶ ಪರೀಕ್ಷೆಗೆ ಕೂರಿಸಲ್ಲ. ಗೊತ್ತಲ್ವಾ?”

“ಗೊತ್ತು. ಆ ಪರೀಕ್ಷೆಗೆ ಅಂತಾನೇ ಎರಡು ವರ್ಷದಿಂದ ಇಲ್ಲಿ ಕೂತಿರೋದು.” ಪಾನ್ ಹೈಯಾನ್ ವಿಗ್ಗಿನ ಗುಂಗುರನ್ನು ಬೆರಳಿಗೆ ಸುತ್ತಿ ಬಿಟ್ಟಳು. “ಆದ್ರೆ ಮೇಡಂ, ಇವಳು ಈಗ ಲೈನಲ್ಲಿದಾಳೆ. ಫೋನು ಅಲ್ಲಿ ಮಲಗಿಸಿದ್ರೆ ಇವಳಿಗೆ ಯಾರು ಮಾತಾಡ್ತಾರೆ?”

ಬೇಡುತ್ತಿದ್ದವಳು ಅಧ್ಯಾಪಕಿ, ಕೊಡೆನೆನ್ನುತ್ತಿದ್ದವಳು ಹುಡುಗಿ, ಮೆಟ್ಟಿಲ ಮೇಲೆ ಒಬ್ಬಳು ನಿಂತು ಒಬ್ಬಳು ಕೂತು. ವೆನ್ ಶುಲಾನಳಿಗೆ ಅವಳ ಮೇಲೆ, ಆ ಎಣ್ಣೆಗೈ ಮೇಲೆ, ತಾನು ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಹೊರಡಿಸಲಾರದ ಆ ತುಂಬು ಗಂಟಲಿನ ಮೇಲೆ ಅಸಹ್ಯ ಉಕ್ಕಿತು. ಅಸಹ್ಯಕ್ಕೆ ಇನ್ನೊಂದು ಹೆಸರೂ ಇತ್ತು, ಅದನ್ನು ಹೇಳಿಕೊಳ್ಳದೆ ಮೇಲೆ ಹತ್ತಿ ಹೋದಳು. ಪಟ್ಟಿಯಿಂದ ತೆಗೆಯುವ ಕಾಗದಕ್ಕೆ ಸಹಿ ಹಾಕಲು ಪೆನ್ನು ತೆಗೆದಳು; ಅಷ್ಟರಲ್ಲಿ ಅತಿಥಿಗಳ ಕಾರು ಬಂತೆಂದು ಕರೆ ಬಂತು, ಕಾಗದ ಹಾಗೇ ಮಡಚಿ ಚೀಲಕ್ಕೆ ಹೋಯಿತು.

ಪ್ರದರ್ಶನ ಪಾಠ ಎರಡೂವರೆಗೆ. ಆರು ಸಲ ತಾಲೀಮು ಆಗಿತ್ತು. ಉತ್ತರ ಗೊತ್ತಿರುವವರು ಬಲಗೈ, ಗೊತ್ತಿಲ್ಲದವರು ಎಡಗೈ; ಒಟ್ಟಿನಲ್ಲಿ ಎಲ್ಲರ ಕೈಯೂ ಮೇಲಿರಬೇಕು, ವೆನ್ ಶುಲಾನ್ ಬಲಗೈಯವರನ್ನು ಮಾತ್ರ ಎಬ್ಬಿಸಬೇಕು. ಹಿಂದಿನ ಸಾಲಿನಲ್ಲಿ ಮೂವರು ಅತಿಥಿಗಳು ಮುಚ್ಚಳದ ಚಹಾ ಲೋಟಗಳೊಂದಿಗೆ. ನಡುವಿನವರು ಬಿಳಿ ಹುಬ್ಬಿನ ಹಿರಿಯರು, ಬೆಸುಗೆ ವಿದ್ಯೆಯ ಪ್ರಾಧ್ಯಾಪಕರಂತೆ, ಈಗ ಎಲ್ಲ ವಿದ್ಯೆಗೂ ಪರೀಕ್ಷಕರು. ಪರದೆಯ ಮೇಲೆ, ಬೋಳು ಕೊಂಬೆಯನ್ನು ಹೊರಗಿಟ್ಟು, ನಲವತ್ತು ಮರಗಳ ಕಾಡು ಅಲುಗದೆ ನಿಂತಿತ್ತು. ಪ್ರಶ್ನೆ ಕೇಳಿದೊಡನೆ ಕೈಗಳು ಒಟ್ಟಿಗೆ ಎದ್ದವು, ಬಲಗೈ ಏಳು, ಎಡಗೈ ಮೂವತ್ತಮೂರು. ಹೌ ಬಾಗಿಲ ಬಳಿ ನಿಂತು ಪ್ರತಿ ಉತ್ತರಕ್ಕೂ ತಲೆಯಾಡಿಸುತ್ತಿದ್ದರು, ಮೂಡದ ಉತ್ತರಕ್ಕೂ. ಬೆವರಿಗೆ ನೆತ್ತಿಯ ಎಡಗಡೆಯ ಕ್ಲಿಪ್ಪು ಸಡಿಲವಾದದ್ದು ವೆನ್ ಶುಲಾನಳಿಗೆ ಗೊತ್ತಾಯಿತು; ಅಲ್ಲಿಂದ ಮುಂದೆ ಅವಳು ತಲೆಯನ್ನು ತುಂಬಿದ ಬಟ್ಟಲಿನಂತೆ ಹೊತ್ತು ಪಾಠ ಮಾಡಿದಳು. ಕೊನೆಯ ಪ್ರಶ್ನೆ, ‘ಇಂಗ್ಲಿಷನ್ನು ನೀವಾಗಿಯೇ ಹೇಗೆ ಕಲಿಯುತ್ತೀರಿ?’ ದಿಂಗ್ ರುಯಿಯ ಬಲಗೈ ಆಗಲೇ ಎದ್ದಿತ್ತು. ಆದರೆ ಬಿಳಿ ಹುಬ್ಬು ಮೇಲೇರಿತು.

“ಟೀಚರಮ್ಮ, ಆ ಕಿಟಕಿ ಪಕ್ಕದ ಹುಡುಗಿ. ಅವಳೊಬ್ಬಳು ಕೈ ಎತ್ತೇ ಇಲ್ಲ. ಅವಳ ಬಾಯಿಂದ ಕೇಳೋಣ.”

ಪಾನ್ ಹೈಯಾನ್ ಮೇಜಿನ ಕೆಳಗಿಂದ ಕೈ ತೆಗೆದು ಎದ್ದಳು. ವೆನ್ ಶುಲಾನಳ ಕಡೆ ನೋಡಿದಳು. ಆಮೇಲೆ ಮಾತಾಡಿದಳು. ಅದು ಪುಸ್ತಕದ ಇಂಗ್ಲಿಷಾಗಿರಲಿಲ್ಲ. ಮೆಟ್ಟಿಲ ಮೇಲಿನ ಅದೇ ಹೆಂಗಸು ಹುಡುಗಿಯ ಗಂಟಲೊಳಗಿಂದ ಎದ್ದು ನಿಂತು, ಕೈ ಬೀಸಿ, ಕತ್ತು ಆಡಿಸಿ, ಯಾರನ್ನೋ ಅಣಕಿಸಿ, ಯಾರಿಗೋ ಸಮಾಧಾನ ಹೇಳಿ, ನಡುವೆ ಎರಡು ಸಲ ಗಂಟಲು ಕೆರೆದು ಏನೋ ಒಂದನ್ನು ನಿಧಾನವಾಗಿ ಹೇಳಿ, ಮತ್ತೆ ಓಡಿತು. ವೆನ್ ಶುಲಾನ್ ಅದರ ಹಿಂದೆ ಓಡಿದಳು. ಟೀಚರ್ ಎಂಬುದು ಸಿಕ್ಕಿತು. ಮೊದಲ ವಾರ ಎಂಬುದು ಸಿಕ್ಕಿತು. ನಾಯಿ. ಪೇಪರು. ಉಳಿದದ್ದು ಬಸ್ಸಿನ ಕಿಟಕಿಯಿಂದ ಕಂಡ ಅಂಗಡಿಗಳಂತೆ ಹಾದುಹೋಯಿತು. ನಾಯಿ ಎಂದಾಗ ಅವಳ ಕಿವಿ ಬಿಸಿಯಾಯಿತು; ಬುಟ್ಟಿಗೆ ಹಾಕಿದ ಚೀಟಿಯ ವಿಷಯ, ನನ್ನನ್ನು ಎಲ್ಲರೆದುರು ಬಯಲಿಗೆಳೆಯುತ್ತಿದ್ದಾಳೆ ಎಂದುಕೊಂಡಳು. ಮಾತು ನಿಂತಿತು. ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಬಹಳ ಹೊತ್ತಿನಿಂದ ತಲೆಯಾಡಿಸುತ್ತಿದ್ದ ಬಿಳಿ ಹುಬ್ಬಿನವರು ನಕ್ಕರು.

“ಅಬ್ಬಾ, ರೇಡಿಯೋ ಕೇಳಿದ ಹಾಗಾಯ್ತು! ಟೀಚರಮ್ಮ, ನಮ್ಮಂಥ ಮುದುಕರಿಗೆ ಸ್ವಲ್ಪ ನಮ್ಮ ಭಾಷೇಲಿ ಹೇಳಿ. ಏನಂದಳು?”

ಎಲ್ಲ ಮುಖಗಳೂ ಅವಳ ಕಡೆ ತಿರುಗಿದವು. ಬಾಗಿಲ ಬಳಿ ಹೌ ಅವರ ತಲೆ, ಆಡಿಸಲು ಸಿದ್ಧವಾಗಿ, ನಿಂತಿತ್ತು. ನನಗೂ ಪೂರ್ತಿ ತಿಳಿಯಲಿಲ್ಲ ಎಂಬ ವಾಕ್ಯ ಬಹಳ ಚಿಕ್ಕದು, ಅದರಲ್ಲಿ ವ್ಯಾಕರಣದ ತೊಡಕೇನೂ ಇರಲಿಲ್ಲ.

“ಅವಳು ಹೇಳಿದ್ದು,” ಎಂದಳು ವೆನ್ ಶುಲಾನ್, ಗಂಟಲು ಎರಡು ಸಲ ಕೆರೆದು, “ಮೊದಲು ಅವಳಿಗೆ ಇಂಗ್ಲಿಷ್ ಅಂದರೆ ಭಯ ಇತ್ತಂತೆ. ಕಾಲೇಜಿನ ದಿನಕ್ಕಿಪ್ಪತ್ತು ನಿಮಿಷದ ಯೋಜನೆ ಅವಳ ಬಾಯಿ ತೆರೆಸಿತಂತೆ. ಎಲ್ಲವೂ ಫೋನಿನ ಆ ಪಾಠಗಳಿಂದಲೇ ಬಂತಂತೆ.”

ಚಪ್ಪಾಳೆ ಹಿಂದಿನ ಸಾಲಿನಿಂದ ಮುಂದಕ್ಕೆ ಬಂತು. ಎಡಗೈ ಎತ್ತಿದ್ದವರೂ ಎರಡೂ ಕೈಯಿಂದ ತಟ್ಟಿದರು. ಪಾನ್ ಹೈಯಾನ್ ತಟ್ಟಲಿಲ್ಲ. ಕೂತು ಮತ್ತೆ ಕೈಯನ್ನು ಮೇಜಿನ ಕೆಳಗೆ ಇಳಿಸಿದಳು. ಅತಿಥಿಗಳು ಎದ್ದ ಮೇಲೆ ಹೌ ಓಡಿಬಂದು ಪಿಸುಗುಟ್ಟಿದರು. “ಅಮ್ಮಾ ತಾಯಿ, ಎಲ್ಲಿಟ್ಟಿದ್ರಿ ಇವಳನ್ನ! ಕಂಪ್ಯೂಟರ್ ಕೋಣೆಯವರಿಗೆ ಹೇಳಿದ್ದೀನಿ, ಎಂಬತ್ತೆಂಟಕ್ಕೆ ಎಂಬತ್ತೆಂಟು ಎಲೆ ಹಾಕ್ತಾರೆ. ಅವಳ ಮಾತನ್ನ ಎರಡೂ ಭಾಷೇಲಿ ಬರೆದು, ಮೊಹರು ಹಾಕಿ ಐದು ಗಂಟೆಗೆ ಕೊಡಿ. ಫೈಲಿಗೆ ಬೇಕಂತೆ. ನಿಮ್ಮದು ಆಯ್ತು ಅಂತಾನೇ ಇಟ್ಕೊಳ್ಳಿ, ವೆನ್ ಅವರೇ.” ಚಿಕ್ಕ ಎಂಬುದು ಉದುರಿತ್ತು.

ಶೌಚಾಲಯದ ಕನ್ನಡಿಯೆದುರು ಅವಳು ಕ್ಲಿಪ್ಪು ಹುಡುಕುತ್ತಿದ್ದಾಗ ಹಿಂದಿನಿಂದ ದನಿ ಬಂತು.

“ಮೇಡಂ, ತಲೆ ಬಗ್ಗಿಸಿ. ಎಡಗಡೆದು ಬಾಯಿ ಬಿಟ್ಟಿದೆ.”

ಬೇಡ ಎನ್ನುವಷ್ಟರಲ್ಲಿ ಪಾನ್ ಹೈಯಾನಳ ಬೆರಳುಗಳು ನೆತ್ತಿಯಲ್ಲಿದ್ದವು. ಕೋಳಿಕಾಲಿನ ಮಸಾಲೆಯ ವಾಸನೆ. ಎರಡೇ ಕ್ಷಣದಲ್ಲಿ, ನಾಲ್ಕು ವರ್ಷದಲ್ಲಿ ಒಮ್ಮೆಯೂ ಕೂರದಷ್ಟು ಸರಿಯಾಗಿ ಅದು ಕೂತಿತು.

“ಯಾವಾಗಿಂದ ಗೊತ್ತು ನಿನಗೆ?”

“ಮೊದಲನೇ ದಿನದಿಂದ. ನಮ್ಮ ಸೋದರತ್ತೆ ಹಾಕೋ ಗಂಟು ಇದು.”

“ಜೆಂಗ್‌ಝೌನಲ್ಲಿ ತಗೊಂಡಿದ್ದು.”

“ಅಲ್ಲಿಗೂ ನಾವೇ ಕಳಿಸೋದು ಮೇಡಂ.” ಹುಡುಗಿ ಕೈ ತೊಳೆದಳು. ನಲ್ಲಿ ನಿಲ್ಲಿಸಿ, ಕನ್ನಡಿಯಲ್ಲಿ ನೋಡುತ್ತ ಕೇಳಿದಳು. “ನಾನು ಹೇಳಿದ್ದು ನಿಮಗೆ ಅರ್ಥ ಆಯ್ತಾ?”

“ಹೆಚ್ಚುಕಮ್ಮಿ...”

“ಆಗ್ಲಿಲ್ಲ ಅಲ್ವಾ?” ಪಾನ್ ಹೈಯಾನಳ ಮುಖ ಅರಳಿತು. “ಸದ್ಯ! ಅರ್ಥ ಆಗಿದ್ದೂ ಹಾಗೆ ಹೇಳಿದ್ರೇನೋ ಅಂತ ಬೇಜಾರಾಗಿತ್ತು ನನಗೆ.”

“ಏನು ಹೇಳಿದೆ ನೀನು?”

ಹುಡುಗಿ ಬೆನ್ನು ನೆಟ್ಟಗೆ ಮಾಡಿದಳು, ತಲೆಯನ್ನು ತುಂಬಿದ ಬಟ್ಟಲಿನಂತೆ ಹಿಡಿದಳು, ಗಂಟಲು ಎರಡು ಸಲ ಕೆರೆದಳು. ಕನ್ನಡಿಯಲ್ಲಿ ಇಬ್ಬರು ವೆನ್ ಶುಲಾನರು. “ಮಕ್ಕಳೇ, ಪುಸ್ತಕ ಮುಚ್ಚಿ. ಇವತ್ತು ನಿಮ್ಮ ಕೈಗೆ ಸಿಕ್ಕ ಒಂದೇ ಒಂದು ಸಾಲು ತನ್ನಿ. ಯಾರೋ ಬೈದದ್ದಾದರೂ ಸರಿ. ನಿಮ್ಮ ಬದುಕಿನದಾಗಿರಬೇಕು.” ಆಮೇಲೆ ತನ್ನ ದನಿಗೆ ಇಳಿದಳು. “ಅದನ್ನೇ ಹೇಳ್ದೆ. ಆವತ್ತಿಂದ ದಿನಾ ಒಂದು ಬೈಗುಳ ಬರ್ಕೊಳ್ತೀನಿ ಮೇಡಂ. ನೀವು ಆಮೇಲೆ ಕೇಳ್ಲಿಲ್ಲ, ಆದ್ರೆ ನಿಲ್ಲಿಸಿ ಅಂತಾನೂ ಹೇಳ್ಲಿಲ್ಲವಲ್ಲ. ಏಳು ನೋಟ್‌ಬುಕ್ ಆಗಿದೆ. ನಮ್ಮ ಮೇಡಂ ಕಲಿಸಿದ್ದು ಇದು ಅಂತ ಹೇಳ್ದೆ. ಅವರ ಎದುರಿಗೆ ನಿಮಗೆ ಒಳ್ಳೇದಾಗ್ಲಿ ಅಂತ.”

ಟೀಚರ್. ಮೊದಲ ವಾರ. ಪೇಪರು. ಸಿಕ್ಕಿದ ಪದಗಳು ಅಷ್ಟು ಕಡಿಮೆಯೇನೂ ಆಗಿರಲಿಲ್ಲ. ನಾಯಿ ಎಂಬಲ್ಲಿ ತಾನು ಕಿವಿ ಮುಚ್ಚಿಕೊಳ್ಳದಿದ್ದರೆ ಉಳಿದದ್ದೂ ಸಿಗುತ್ತಿತ್ತೇನೋ. ತಿಳಿಯಲಿಲ್ಲವೋ, ತಿಳಿದರೆ ಕಷ್ಟವೆಂದು ತಿಳಿಯಗೊಡಲಿಲ್ಲವೋ. ಕ್ಷಮಿಸಿಬಿಟ್ಟವಳ ಎದುರು ಅದನ್ನು ಕೇಳಿಕೊಳ್ಳುವುದು ಇನ್ನೂ ಹೇಸಿಗೆ. ಈಗಲೂ ಅತಿಥಿಗಳು ಕೆಳಗೆ ಹಣ್ಣು ತಿನ್ನುತ್ತಿದ್ದರು. ಎರಡು ಮಹಡಿ ಇಳಿದರೆ ಸಾಕಿತ್ತು. ಇಳಿದು ಹೇಳಿದರೆ ಮರ ಬೀಳುತ್ತದೆ, ನಲವತ್ತೂ, ಅದರಡಿ ಪ್ರಬಂಧ, ಅದರಡಿ ಈ ಹುಡುಗಿಗೆ ಈಗಷ್ಟೇ ಚಿಗುರಿದ ಎಂಬತ್ತೆಂಟು ಎಲೆ. ಹುಡುಗಿಗೋಸ್ಕರ ಸುಮ್ಮನಿರಬೇಕು ಎಂದುಕೊಂಡಳು, ಎಂದುಕೊಂಡ ವೇಗಕ್ಕೆ ತಾನೇ ನಾಚಿದಳು.

“ಹೈಯಾನ್, ಅದನ್ನ ಇಂಗ್ಲಿಷಲ್ಲಿ ಬರೆದು ಕೊಡಬೇಕಂತೆ. ಫೈಲಿಗೆ. ನನಗೆ... ನೀನೇ ಬರೀತೀಯಾ?”

“ಯಾವುದನ್ನ? ನಾನು ಹೇಳಿದ್ದೋ, ನೀವು ಹೇಳಿದ್ದೋ?”

ನಲ್ಲಿಯಿಂದ ಒಂದು ಹನಿ ಬಿತ್ತು. ಇನ್ನೊಂದು ಬಿತ್ತು. ವೆನ್ ಶುಲಾನ್ ನಲ್ಲಿಯನ್ನು ತಿರುಗಿಸಿ ಬಿಗಿ ಮಾಡಿದಳು.

“ಗೊತ್ತಾಯ್ತು ಬಿಡಿ ಮೇಡಂ,” ಎಂದಳು ಹುಡುಗಿ. ಈ ಸಲ ದನಿಯಲ್ಲಿ ಯಾರ ಅಣಕವೂ ಇರಲಿಲ್ಲ. ಅತ್ತು ಮುಗಿಸಿದ ಗಿರಾಕಿಯೊಡನೆ ಮಾತಾಡುವ ನಯವಿತ್ತು.

ನಾಲ್ಕೂಮುಕ್ಕಾಲಿಗೆ ಕಾಗದ ಮೇಜಿನ ಮೇಲಿತ್ತು. ಒಂದು ಪುಟ, ಒಂದು ತಿದ್ದೂ ಇಲ್ಲ. ಇಪ್ಪತ್ತು ನಿಮಿಷದ ಮಹಿಮೆಯನ್ನು ಅಷ್ಟು ನಯವಾದ, ಅಷ್ಟು ಜೀವವಿರುವ ಇಂಗ್ಲಿಷಿನಲ್ಲಿ ವೆನ್ ಶುಲಾನ್ ತನ್ನ ಪ್ರಬಂಧದ ಯಾವ ಸಾಲಿನಲ್ಲೂ ಬರೆದಿರಲಿಲ್ಲ. ಓದುತ್ತ ಓದುತ್ತ ಅವಳಿಗೇ ನಂಬಿಕೆ ಬಂತು. ಕಡೆಯ ಸಾಲು ಹೀಗಿತ್ತು: ತಮಗಾದ ತೊಂದರೆಗೆ ವಿಷಾದಿಸುತ್ತೇವೆ, ತೃಪ್ತಿಯಾಗಿದ್ದಲ್ಲಿ ದಯವಿಟ್ಟು ಐದು ನಕ್ಷತ್ರ ನೀಡಿ.

“ಅಯ್ಯೋ, ಕೈ ರೂಢಿ ಮೇಡಂ. ಹೊಡೆದು ಹಾಕಿ,” ಎಂದು ಪಾನ್ ಹೈಯಾನ್ ಬಾಗಿಲ ಬಳಿಯಿಂದಲೇ ಕೂಗಿ, ಕಿವಿಗೆ ತಂತಿ ಸಿಕ್ಕಿಸಿಕೊಂಡು, ಓಣಿಯ ತುದಿಯವರೆಗೂ ಅಟ್ಲಾಂಟಾದವಳ ಗಂಟಲಿನಲ್ಲಿ ನಗುತ್ತ ಹೋದಳು.

ವೆನ್ ಶುಲಾನ್ ಆ ಸಾಲನ್ನು ಹೊಡೆದು ಹಾಕಿದಳು. ಚೀಲದಲ್ಲಿ ಮಡಚಿಟ್ಟಿದ್ದ ಫೇಲು ಕಾಗದವನ್ನು ಹರಿದು ಬುಟ್ಟಿಗೆ ಹಾಕಿದಳು. ಮೊಹರನ್ನು ಕೆಂಪು ಶಾಯಿಯ ಡಬ್ಬಿಗೆ ಅದ್ದಿ, ಉಸಿರು ಹಿಡಿದು, ಒತ್ತಿದಳು. ಎತ್ತಿ ನೋಡಿದರೆ ಕೆಂಪು ವೃತ್ತದ ನಡುವೆ, ಕಾಲೇಜಿನ ಹೆಸರನ್ನು ಸೀಳಿಕೊಂಡು, ತೆಳ್ಳಗೆ ಬಾಗಿದ ಬಿಳಿ ಗೆರೆ. ಮೊಹರಿನ ಮುಖಕ್ಕೆ ಒಂದು ಕೂದಲು ಅಂಟಿತ್ತು. ಯಾರದೋ. ಉಗುರಿನಿಂದ ಕೆರೆದು ತೆಗೆದಳು, ಬೆರಳು ಕೆಂಪಾಯಿತು. ಬಾಗಿಲಲ್ಲಿ ಹೌ ಕೈ ಚಾಚಿ ನಿಂತಿದ್ದರು.

“ಇನ್ನೊಂದು ಪ್ರತಿ ಬರೆಸ್ತೀನಿ ಸರ್. ಮೊಹರಲ್ಲಿ ಕೂದಲು ಬಂದಿದೆ.”

“ಅಷ್ಟು ಹತ್ತಿರದಿಂದ ಯಾರು ನೋಡ್ತಾರೆ ವೆನ್ ಅವರೇ, ಕೊಡಿ,” ಎಂದರು ಹೌ.

ಅವಳು ಬಾಯಿ ತೆರೆದಳು. ಶಾಯಿ ಒಣಗಲೆಂದು, ಆ ಬಿಳಿ ಗೆರೆಯ ಮೇಲೆ, ಮೆಲ್ಲಗೆ ಊದಿದಳು.